ಬದಲಾವಣೆಗೆ ಕಾರಣ

ಹಾಸಿಗೆ ಕಾರ್ಖಾನೆಯ ಅಂದಾಜು ಗುಮಾಸ್ತರು ಬಾಗಿಲ ಕಡೆ ಒಂದು ಕಣ್ಣಿಟ್ಟುಕೊಂಡೇ ಕಂಪ್ಯೂಟರಿನಲ್ಲಿ 7,200 ಅಳಿಸಿ 4,200 ಎಂದು ಒತ್ತಿದರು. ಮೂರು ತಿಂಗಳಲ್ಲಿ ಎಷ್ಟು ಹಾಸಿಗೆ ಮಾರಾಟವಾದೀತು ಎಂಬ ಅಂದಾಜು ಅದು. ಆ 7,200 ನಂಬಿ ತರಿಸಿದ ಫೋಮ್ ಸುರುಳಿಗಳು ಗೋದಾಮು ತುಂಬಿ, ಮೆಟ್ಟಿಲಿಗೆ ಬಂದು, ಈಗ ಊಟದ ಕೋಣೆಯ ಬೆಂಚುಗಳ ಮೇಲೂ ಕೂತಿದ್ದವು. ಕೆಲಸಗಾರರು ನಿಂತೇ ಉಣ್ಣುತ್ತಿದ್ದರು.

ಅಂಕಿ ಹಾಕುವುದು ಗುಮಾಸ್ತರದೇ ಕೆಲಸ. ಕೀಲಿಮಣೆಯಲ್ಲಿ ನಾಲ್ಕರ ನೆತ್ತಿಯ ಮೇಲೇ ಏಳು ಕೂತಿರುತ್ತದೆ, ಬೆರಳು ಜಾರಿರಬೇಕು. ಜಾರಿದ ನೆನಪು ಅವರಿಗಿರಲಿಲ್ಲ. ಆದರೆ ಎಂಟು ದಿನದಿಂದ ಹೆದರಿ ಹೆದರಿ, ಜಾರಿದ್ದು ಯಾವ ಬೆರಳು ಎಂಬುದೂ ಖಾತ್ರಿಯಾಗಿಬಿಟ್ಟಿತ್ತು. ಹೋದ ವರ್ಷ ಒಂದಂಗುಲ ಅಳತೆ ತಪ್ಪಿದ್ದಕ್ಕೆ ಹೊಲಿಗೆ ಮೇಸ್ತ್ರಿಯನ್ನು ಅಂದೇ ಮನೆಗೆ ಕಳಿಸಿದ ಯಜಮಾನಿ ಇವತ್ತು ಹನ್ನೊಂದಕ್ಕೆ ಮೀಟಿಂಗ್ ಕರೆದಿದ್ದರು.

ಉಳಿಸುವ ಗುಂಡಿ ಒತ್ತಿದರೆ ಪರದೆಯ ಮೇಲೆ ಚೌಕವೊಂದು ತೆರೆದುಕೊಂಡಿತು: 'ಬದಲಾವಣೆಗೆ ಕಾರಣ?' ಖಾಲಿ ಬಿಟ್ಟರು, ಮುಂದೆ ಹೋಗಲಿಲ್ಲ. ಒಂದು ಚುಕ್ಕಿ ಇಟ್ಟು ನೋಡಿದರು, ಅದಕ್ಕೂ ಜಗ್ಗಲಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಗಾಬರಿಯಲ್ಲಿ 'ನನ್ನ ತಪ್ಪು, ಸರಿಮಾಡಿದ್ದೇನೆ' ಎಂದು ಬರೆದು ಉಳಿಸಿ ಎದ್ದುಬಿಟ್ಟರು. ಯಾರು ಯಾವಾಗ ಏನು ಬದಲಿಸಿದರು ಎಂಬುದನ್ನೆಲ್ಲ ಈ ಹೊಸ ಸಾಫ್ಟ್‌ವೇರ್ ಬರೆದಿಟ್ಟುಕೊಳ್ಳುತ್ತದೆ ಎಂದು ಹೇಳಿಕೊಟ್ಟ ದಿನ ಅವರು ಜ್ವರದಿಂದ ರಜೆ ಹಾಕಿದ್ದರು.

ಮೀಟಿಂಗಿನಲ್ಲಿ ಯಜಮಾನಿ ಆ ಬದಲಾವಣೆಗಳ ಪಟ್ಟಿಯನ್ನು ಗೋಡೆಯ ಪರದೆಯ ಮೇಲೆ ತೆರೆದರು. ಇದ್ದದ್ದು ಎರಡೇ ಸಾಲು. ಮೂರು ತಿಂಗಳ ಹಿಂದೆ 4,200 ಹೋಗಿ 7,200. ಬದಲಿಸಿದವರು ಮಾರಾಟದ ಮ್ಯಾನೇಜರು. ಕಾರಣ, 'ಮಾರುಕಟ್ಟೆ ಚೆನ್ನಾಗಿದೆ'. ಇವತ್ತು ಹತ್ತು ಐವತ್ತೆರಡಕ್ಕೆ 7,200 ಹೋಗಿ 4,200; ಬದಲಿಸಿದವರು ಗುಮಾಸ್ತರು; ಕಾರಣ, 'ನನ್ನ ತಪ್ಪು, ಸರಿಮಾಡಿದ್ದೇನೆ'.

ಮೊದಲ ಸಾಲಿಗೆ ಬಿಳಿಚಿಕೊಂಡಿದ್ದ ಮ್ಯಾನೇಜರ ಮುಖಕ್ಕೆ ಎರಡನೆಯದನ್ನು ಓದುತ್ತಲೇ ಜೀವ ಬಂತು. ಗುಮಾಸ್ತರ ರಜೆಗೂ ಬಡ್ತಿಗೂ ಸಹಿ ಹಾಕುವವರು ಅವರೇ.

"ನೋಡಿ ಮೇಡಂ, ನಾನು ಇವರು ಕೊಟ್ಟ ಲೆಕ್ಕ ನೋಡಿ ಹಾಕಿದ್ದು. ಪಾಪ, ಅವರೇ ಒಪ್ಕೊಂಡಿದ್ದಾರೆ. ಒಳ್ಳೇ ಮನುಷ್ಯ."

"ನಾನು ಯಾವ ಲೆಕ್ಕಾನೂ ಕೊಟ್ಟಿಲ್ಲ ಮೇಡಂ," ಎಂದರು ಗುಮಾಸ್ತರು. ದನಿ ಅವರಿಗೇ ಸರಿಯಾಗಿ ಕೇಳಿಸಲಿಲ್ಲ.

"ಮತ್ತೆ ನನ್ನ ತಪ್ಪು ಅಂತ ಯಾಕ್ರೀ ಬರೆದ್ರಿ?" ಎಂದರು ಯಜಮಾನಿ.

"ನಂದೇ ಇರಬೇಕು ಅಂದ್ಕೊಂಡೆ."

"ಮಾಡಿದೀರೋ ಇಲ್ವೋ ಗೊತ್ತಿಲ್ದೇನೆ?"

ಗುಮಾಸ್ತರು ತಲೆ ತಗ್ಗಿಸಿದರು. ಅವಮಾನಕ್ಕಿಂತ ಹೆಚ್ಚಾಗಿ ತಮ್ಮ ಮೇಲೇ ಸಿಟ್ಟು ಬಂದಿತ್ತು. ಯಜಮಾನಿ ಕೀಲಿಮಣೆಯನ್ನು ಮೇಜಿನ ಮೇಲೆ ಅವರತ್ತ ತಳ್ಳಿದರು. "ಬರೆದಿದ್ದು ಸುಳ್ಳಾದ್ರೆ ಅಳಿಸಿ. ಇಲ್ಲೇ, ನನ್ನೆದುರಿಗೆ."

ಅವರು ಕೂತರು. ಮ್ಯಾನೇಜರು ಎದ್ದು ಬಂದು ಹಿಂದೆ ನಿಂತು, ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಅಂದರು: "ಅವಸರ ಏನಿಲ್ಲ. ಯೋಚನೆ ಮಾಡಿ."

ಗುಮಾಸ್ತರು ಒಂದೊಂದೇ ಅಕ್ಷರ ಅಳಿಸಿದರು. 'ನನ್ನ' ಎಂಬುದನ್ನು ಅಳಿಸುವಾಗ ಎದೆ ಸ್ವಲ್ಪ ಹಗುರಾಯಿತು. ಉಳಿಸುವ ಗುಂಡಿ ಒತ್ತಿದರು.

ಗೋಡೆಯ ತುಂಬ ಚೌಕ ತೆರೆದುಕೊಂಡಿತು: 'ಬದಲಾವಣೆಗೆ ಕಾರಣ?'

ಹೆಗಲ ಮೇಲಿನ ಕೈ ಇನ್ನೂ ಅಲ್ಲೇ ಇತ್ತು.