ತೊಳೆದು ಬಂದ ಡಬ್ಬಿಗಳು

ಹೊಲಿಗೆಯಾಕೆ ಇವತ್ತೂ ಬಂದಳು. ಗೇಟಿನ ಪಕ್ಕದ ಬೀರುವಿನ ಬಾಗಿಲು ತೆರೆದಳು. ನೀಲಿ ಮುಚ್ಚಳದ ಡಬ್ಬಿಗಳನ್ನಷ್ಟೇ ಆರಿಸಿ ಚೀಲಕ್ಕೆ ಇಳಿಸಿದಳು. ಆಚೀಚೆ ನೋಡಿ, ಸರಸರನೆ ಎದುರಿನ ತನ್ನ ಮನೆ ಸೇರಿಕೊಂಡಳು.

ಕಿಟಕಿಯ ಪರದೆಯ ಹಿಂದೆ ನಿಂತಿದ್ದ ಟೀಚರ್ ಹಲ್ಲು ಕಡಿದಳು. ನೀಲಿ ಮುಚ್ಚಳದವೆಲ್ಲ ಅವಳ ಡಬ್ಬಿಗಳು. ಅವಳ ಕೈಯಡುಗೆ.

"ರೀ, ನೋಡಿದ್ರಾ? ಹಗಲುದರೋಡೆ!"

ಗಂಡ ಬಂದದ್ದು ಅದಕ್ಕಲ್ಲ. ಅಡುಗೆಮನೆಗೆ ಓಡಿ ಒಲೆ ಆರಿಸಿದ. "ಹಾಲು ಸೀದದ್ದು ಬೀದಿಗೆಲ್ಲ ಗೊತ್ತಾಗ್ತಿದೆ. ಎಲ್ಲಿತ್ತೇ ನಿನ್ನ ಗಮನ?"

"ಕಳ್ಳಿ ಮೇಲೆ."

ಅದು ಹಳೆಯ ಪುಸ್ತಕದ ಬೀರು. ಟೀಚರ್ ಅದನ್ನು ತನ್ನ ಗೇಟಿನ ಪಕ್ಕ ಇಟ್ಟು, 'ಹೆಚ್ಚಿದ್ದವರು ಇಡಿ, ಬೇಕಾದವರು ಒಯ್ಯಿರಿ' ಎಂದು ಬರೆದಾಗ ಬೀದಿಯೇ ನಕ್ಕಿತ್ತು. ಈಗ ಗಾರೆ ಕೆಲಸದವರು, ಆಸ್ಪತ್ರೆಯ ಆಯಾ, ಕೆಲಸ ಕಳೆದುಕೊಂಡ ಕಾವಲುಗಾರ ಎಲ್ಲರೂ ಅದನ್ನೇ ನಂಬಿದ್ದರು. ಬೀದಿಯ ಸಂಘದ ಅಧ್ಯಕ್ಷನಿಗೆ ಮಾತ್ರ ಅದು ಕಣ್ಣಿಗೆ ಬಿದ್ದ ಕಸ.

"ಕಂಡಕಂಡೋರನ್ನೆಲ್ಲ ಬೀದಿಗೆ ಕರೀತಿದ್ದೀರಿ. ಇಲ್ಲಿಯ ಅನ್ನ ಹಳಸಿದ್ದು ಒಂದೇ ಒಂದು ಸಲ ಗೊತ್ತಾಗಲಿ, ಆವತ್ತೇ ಬೀರು ಎತ್ತಿಸ್ತೀನಿ."

"ಸಂಜೆ ಬೇಯಿಸಿ ಡಬ್ಬಿಗೆ ತುಂಬಿಡ್ತೀನಿ, ಸರ್. ಬೆಳಿಗ್ಗೆ ಒಂದೊಂದನ್ನೂ ಮೂಸಿ ನೋಡಿಯೇ ಬೀರುವಿಗೆ ಇಡೋದು," ಎಂದಿದ್ದಳು ಟೀಚರ್, ತಲೆಯೆತ್ತಿ.

ಕಳವು ಶುರುವಾದದ್ದು ಬೇಸಿಗೆಯ ಬಿಸಿಲು ಏರಿದ ಮೇಲೆ. ಬೇರೆಯವರಿಟ್ಟ ಬ್ರೆಡ್ಡು, ಹಣ್ಣು ಹಾಗೇ ಇರುತ್ತಿದ್ದವು. ಟೀಚರ್ ಮಾಡಿದ ಅಡುಗೆ ಮಾತ್ರ ಮಾಯ. ಸಂಜೆಗೆ ತೊಳೆದ ಡಬ್ಬಿಗಳು ಫಳಫಳ ಹೊಳೆಯುತ್ತ ಗೇಟಿಗೆ ನೇತುಬಿದ್ದಿರುತ್ತಿದ್ದವು. ಕದ್ದದ್ದಕ್ಕಿಂತ ಆ ತೊಳೆತವೇ ಅವಳ ಹೊಟ್ಟೆ ಉರಿಸುತ್ತಿತ್ತು. ತಿಂದು ತೇಗಿ ಅಣಕಿಸುವುದು! ಹೊಲಿಗೆಯಂತ್ರ ಕೆಟ್ಟು ಕೂತಿದ್ದಾಗ ಇದೇ ಬೀರುವಿನಿಂದ ಮಗಳಿಗೆ ಉಣ್ಣಿಸಿದವಳು ಈಕೆ. ಉಂಡ ಮನೆಯ ಜಂತೆ ಎಣಿಸುವವಳು. ಪರದೆಯನ್ನು ಒಂದು ಗೇಣು ಗಿಡ್ಡ ಹೊಲಿದುಕೊಟ್ಟ ಜಗಳದಿಂದ ಇಬ್ಬರಿಗೂ ಮಾತಿರಲಿಲ್ಲ.

ಮರುದಿನ ಟೀಚರ್ ಅವಳನ್ನು ಗೇಟಿನಲ್ಲೇ ಅಡ್ಡಗಟ್ಟಿದಳು.

"ನಾಚಿಕೆ ಆಗಲ್ವಾ?"

"ಪರದೆ ಹಿಂದೆ ಅವಿತು ನೋಡೋರಿಗೆ ಆಗ್ಲಿ. ಗಿಡ್ಡ ಪರದೆ, ಕೆಳಗೆ ನಿಮ್ಮ ಕೈ ಕಾಣುತ್ತೆ."

"ಹಸಿದೋರ ಅನ್ನ ಅದು!"

"ಅವರ ಹೊಟ್ಟೆ ಚಿಂತೆ ನನಗೂ ಇದೆ." ಹೊಲಿಗೆಯಾಕೆ ಚೀಲವನ್ನು ಹಿಂದಕ್ಕೆ ಸರಿಸಿಕೊಂಡಳು. "ಬೀರು ಉಳೀಬೇಕು ಅಂದ್ರೆ ನನ್ನ ತಂಟೆಗೆ ಬರಬೇಡಿ."

ಬೆದರಿಕೆ! ಟೀಚರ್ ದಢಾರನೆ ಗೇಟು ಹಾಕಿದಳು. ಒಳಗೆ ಬಂದು ಟೀ ಕುಡಿದರೆ ಬರೀ ಬಿಸಿನೀರು.

"ಆ ಅಂಗಡಿಯವನೂ ಕಳ್ಳನೇ. ಪುಡಿಯಲ್ಲಿ ಸತ್ವವೇ ಇಲ್ಲ."

"ಟೀ ಚೆನ್ನಾಗೇ ಇದೆಯಲ್ಲೇ," ಎಂದ ಗಂಡ. "ಹೋದ ತಿಂಗಳ ಆ ಜ್ವರ ಬಿಟ್ಟಾಗಿಂದ ನಿನಗೆ ಯಾವುದೂ ರುಚಿಸ್ತಿಲ್ಲ."

"ಮನೆಯೆದುರಿಗೇ ಕಳ್ಳಿಯನ್ನ ಇಟ್ಕೊಂಡು ರುಚಿ ಎಲ್ಲಿಂದ ಬರಬೇಕು?"

ಆಯಾ ಎರಡು ಸಲ ಅಡುಗೆ ಸಿಗದೆ ಹೋಗಿದ್ದಳು. ಹೀಗೇ ಆದರೆ ಬೀರುವಿನ ಮೇಲೆ ಯಾರಿಗೂ ನಂಬಿಕೆ ಉಳಿಯುವುದಿಲ್ಲ. ಟೀಚರ್ ನಿರ್ಧರಿಸಿದಳು: ಅಧ್ಯಕ್ಷನ ಕಣ್ಣೆದುರೇ ಹಿಡಿಯಬೇಕು. ಕಳ್ಳಿಯ ಮುಖವೂ ಬಯಲಾಗಬೇಕು, ಅವನ ಬಾಯಿಯೂ ಮುಚ್ಚಬೇಕು.

ಬೆಳಿಗ್ಗೆ ಅಧ್ಯಕ್ಷ ಕಾಂಪೌಂಡಿನ ಮರೆಯಲ್ಲಿ ನಿಂತ. ಹೊಲಿಗೆಯಾಕೆ ಬಂದಳು, ನೀಲಿ ಡಬ್ಬಿಗೆ ಕೈಯಿಟ್ಟಳು. ಟೀಚರ್ ಹಾರಿ ಬಂದು ಅವಳ ರಟ್ಟೆ ಹಿಡಿದಳು.

"ಸಿಕ್ಕಿಬಿದ್ದೆಯಲ್ಲ!"

ಹೊಲಿಗೆಯಾಕೆ ಸೆಟೆದು ನಿಂತಳು. ಆಮೇಲೆ ಅಧ್ಯಕ್ಷನನ್ನು ಕಂಡಳು. ಮುಖ ಬಿಳಿಚಿಕೊಂಡಿತು.

"ಟೀಚರ್, ಇವರ ಮುಂದೆ ಬೇಡ." ಧ್ವನಿ ಸಣ್ಣಗಾಗಿತ್ತು. "ನಾನು ಕಳ್ಳಿ ಅಂತಲೇ ಡಂಗುರ ಹೊಡೀರಿ. ಡಬ್ಬಿ ಮಾತ್ರ ಕೊಟ್ಟುಬಿಡಿ."

"ನೋಡಿದ್ರಾ ಸರ್, ಅವಳೇ ಒಪ್ಕೊಂಡ್ಳು!"

"ಮುಚ್ಚಳ ತೆಗೀಬೇಡಿ ಟೀಚರ್, ನಿಮ್ಮ ದಮ್ಮಯ್ಯ!"

ಟೀಚರ್ ಡಬ್ಬಿ ಕಿತ್ತುಕೊಂಡು ಮುಚ್ಚಳ ತೆಗೆದಳು. ಎಂದಿನ ಅಭ್ಯಾಸದಂತೆ ಮೂಗಿಗೆ ಹಿಡಿದು ಉಸಿರೆಳೆದಳು, ತೃಪ್ತಿಯಿಂದ ತಲೆಯಾಡಿಸಿದಳು. "ಎಂಥಾ ಅಡುಗೆ ಕದೀತಿದ್ಳು, ನೀವೇ ನೋಡಿ!" ಎಂದು ಅಧ್ಯಕ್ಷನ ಮುಖಕ್ಕೇ ಹಿಡಿದಳು.

ಅಧ್ಯಕ್ಷ ಕರವಸ್ತ್ರದಿಂದ ಮೂಗು ಮುಚ್ಚಿ ಎರಡು ಹೆಜ್ಜೆ ಹಿಂದೆ ಹಾರಿದ. ಹೊಲಿಗೆಯಾಕೆ ಗೇಟಿನ ಮೆಟ್ಟಿಲ ಮೇಲೆ ಕುಸಿದಳು. ಬಾಗಿಲಲ್ಲಿ ನಿಂತಿದ್ದ ಗಂಡನ ಕೈಯೂ ಮೂಗಿಗೆ ಹೋಗಿತ್ತು.

ಟೀಚರ್ ಮತ್ತೊಮ್ಮೆ ಮೂಸಿದಳು. ದಿನಾ ಬೆಳಿಗ್ಗೆ ಮೂಸಿದಾಗಿನ ಹಾಗೆಯೇ, ಯಾವ ವಾಸನೆಯೂ ಬರಲಿಲ್ಲ.