ಕೆಂಪು ಚುಕ್ಕೆ

ಕೊರತೆ ತನ್ನ ಚಿತ್ರಗಳಲ್ಲೇ ಇದೆಯೋ, ನೋಡುವವರ ಕಣ್ಣಲ್ಲೋ? ಪ್ರದರ್ಶನದ ಕೊನೆಯ ದಿನವೂ ಅವನಿಗೆ ಅದು ಬಗೆಹರಿದಿರಲಿಲ್ಲ. ಎದುರು ಗೋಡೆಯಲ್ಲಿ ಗೆಳೆಯ ದತ್ತಾತ್ರಿಯ ಚಿತ್ರಗಳಿದ್ದವು. ಒಂದನ್ನು ಬಿಟ್ಟು ಎಲ್ಲದರ ಕೆಳಗೂ, ಮಾರಾಟವಾಯಿತೆಂದು ಸಾರುವ ಕೆಂಪು ಚುಕ್ಕೆ. ಇವನ ಗೋಡೆ ನಿನ್ನೆಯವರೆಗೂ ಒಂದು ಚುಕ್ಕೆಯೂ ಇಲ್ಲದೆ ಬೋಳು. "ನಿನ್ನ ಚಿತ್ರ ಕೊಳ್ಳೋರು ಇನ್ನೂ ಹುಟ್ಟಬೇಕಷ್ಟೆ ಮಾರಾಯ," ಎಂದು ದತ್ತಾತ್ರಿ ಎಲ್ಲರೆದುರು ನಕ್ಕಿದ್ದ. ಇಂದು ಮಾತ್ರ ಇವನ ಒಂದು ಚಿತ್ರದ ಕೆಳಗೂ ಚುಕ್ಕೆ ಇತ್ತು.

"ನಿನ್ನೆ ಮಧ್ಯಾಹ್ನ ನೀವೊಬ್ರೇ ಗ್ಯಾಲರಿ ನೋಡ್ಕೊಳ್ತಿದ್ದಾಗ ಹೋಯ್ತಾ? ಹೇಳ್ಲೇ ಇಲ್ವಲ್ರೀ!" ಎಂದಳು ಗ್ಯಾಲರಿಯ ಒಡತಿ.

ಅವನು ಗಂಭೀರವಾಗಿ ಗಡ್ಡ ನೀವಿಕೊಂಡ.

ಸಂಜೆ, ಮ್ಯೂಸಿಯಮ್ಮಿಗೆ ಚಿತ್ರ ಆರಿಸುವ ಹಿರಿಯರೊಬ್ಬರು ಬಂದರು. ಚುಕ್ಕೆಯಿದ್ದ ಅವನ ಚಿತ್ರದ ಮುಂದೆಯೇ ಬಹಳ ಹೊತ್ತು ನಿಂತರು.

"ಇವರದರಲ್ಲಿ ಇದೊಂದೇ ಚಿತ್ರ, ಉಳಿದವೆಲ್ಲ ಬರೀ ಅಭ್ಯಾಸ. ನಮ್ಮ ಮ್ಯೂಸಿಯಮ್ಮಿಗೆ ಇದೇ ಬೇಕು."

"ಅಯ್ಯೋ, ಚುಕ್ಕೆ ಬಿದ್ದುಬಿಟ್ಟಿದೆಯಲ್ಲ ಸಾರ್," ಎಂದಳು ಒಡತಿ.

ಹಿರಿಯರು ಅವನತ್ತ ತಿರುಗಿದರು. "ಕೊಂಡವರನ್ನ ನೀವೇ ಒಂದು ಮಾತು ಕೇಳಿ ನೋಡ್ತೀರಾ? ಮ್ಯೂಸಿಯಂ ಅಂದ್ರೆ ಬಿಟ್ಟುಕೊಟ್ಟಾರು."

ಪಕ್ಕದಲ್ಲೇ ದತ್ತಾತ್ರಿ ಕಿವಿ ನಿಮಿರಿಸಿಕೊಂಡು ನಿಂತಿದ್ದ.

"ಬಿಡೋ ಜನ ಅಲ್ಲ ಸಾರ್," ಎಂದ ಅವನು, ಮತ್ತೆ ಗಡ್ಡ ನೀವಿಕೊಂಡು.

ಹಿರಿಯರು ನಿಟ್ಟುಸಿರಿಟ್ಟು, ದತ್ತಾತ್ರಿಯ ಗೋಡೆಯಲ್ಲಿ ಉಳಿದಿದ್ದ ಆ ಒಂದು ಚಿತ್ರವನ್ನೇ ಮ್ಯೂಸಿಯಮ್ಮಿಗೆ ಗೊತ್ತುಮಾಡಿ ಹೊರಟರು.

ಗೆಳೆಯನ ಕೈ ಕುಲುಕುವಾಗಲೂ, ಆ ಚುಕ್ಕೆ ಹೆಂಡತಿಯ ಬೊಟ್ಟಿನ ಪ್ಯಾಕೆಟ್ಟಿನಿಂದ ಬಿಡಿಸಿ ತಾನೇ ಅಂಟಿಸಿದ್ದು ಎಂದು ಅವನು ಹೇಳಲಿಲ್ಲ.