ಇನ್ನೂರ ಎಂಬತ್ತು

ತೂಕದ ಯಂತ್ರದ ಮೇಲೆ ಕಾಲಿಟ್ಟ ಕೂಡಲೇ ಹುಡುಗಿ ಉಸಿರು ಬಿಗಿಹಿಡಿದಳು. ಉಸಿರು ಬಿಟ್ಟರೆ ಮುಳ್ಳು ಇನ್ನಷ್ಟು ಮುಂದೆ ಹೋದೀತೆಂಬ ಭಯ ಅವಳಿಗೆ. ಹತ್ತು ವರ್ಷಕ್ಕೆ ಐವತ್ತನಾಲ್ಕು ಕಿಲೋ. ನರ್ಸು ಅದನ್ನು ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುವಂತೆ ಕೂಗಿ ಹೇಳಿದಳು. ಯಾರೋ ಕಿಸಕ್ಕನೆ ನಕ್ಕರು. ಅಪ್ಪನ ಮೈ ಉರಿದುಹೋಯಿತು. ಸರಕಿನ ಅಂಗಳದ ವೇಬ್ರಿಡ್ಜಿನಲ್ಲಿ ದಿನಕ್ಕೆ ನೂರು ಲಾರಿ ತೂಗುವವನು ಅವನು. ಲಾರಿಯ ತೂಕವನ್ನೂ ಅವನು ಹೀಗೆ ಕೂಗಿದವನಲ್ಲ.

ಒಳಗೆ ಹಳೆಯ ಡಾಕ್ಟರ ಕುರ್ಚಿಯಲ್ಲಿ ಹೊಸಬರೊಬ್ಬರು, ಹೆಂಗಸು, ಕೂತಿದ್ದರು. ಹಳೆಯವರು ನಾಲ್ಕು ತಿಂಗಳ ಹಿಂದೆ ಮಗಳ ಎದೆಗೆ ಸ್ಟೆತಾಸ್ಕೋಪು ಇಟ್ಟ ಶಾಸ್ತ್ರ ಮಾಡಿ, "ಸಕ್ಕರೆ ಮೂಟೆ ಸಾಕಿದ್ದೀರಲ್ರೀ, ಬಾಯಿ ಕಟ್ಟಿಸಿ, ಉಬ್ಬಸ ತಾನಾಗೇ ಓಡಿಹೋಗುತ್ತೆ" ಅಂದಿದ್ದರು. ಅವನು ಆ ಮಾತನ್ನು ತಲೆಯ ಮೇಲೆ ಹೊತ್ತು ಮನೆಗೆ ತಂದಿದ್ದ. ಮಗಳು ದಿನಾ ಬೆಳಿಗ್ಗೆ ಉಸಿರು ಅಳೆಯುವ ಕೊಳವೆ ಊದಿ ಅಂಕಿಯನ್ನು ಪುಸ್ತಕದಲ್ಲಿ ಬರೆಯಬೇಕು; ಇನ್ನೂರೈವತ್ತಕ್ಕಿಂತ ಕಡಿಮೆ ಬಂದರೆ ಹಿಂದಿನ ದಿನ ಕದ್ದು ತಿಂದಿದ್ದಾಳೆ ಎಂದೇ ಲೆಕ್ಕ. ಆ ರಾತ್ರಿ ಊಟವಿಲ್ಲ, ಒಂದು ಸೌತೆಕಾಯಿ ಅಷ್ಟೆ. ಮಗು ಹಸಿದು ಮಲಗುವುದನ್ನು ನೋಡಲಾರೆ ಎಂದು ಹೆಂಡತಿ ಗೋಳಾಡಿದರೂ ಅವನು ಜಗ್ಗಲಿಲ್ಲ. ಹೆಚ್ಚು ಹೊರೆ ಹೊತ್ತ ಲಾರಿಯನ್ನು ಗೇಟು ದಾಟಲು ಬಿಟ್ಟವನೇ ಅಲ್ಲ ಅವನು.

ಹೊಸ ಡಾಕ್ಟರು ಫೈಲಿನ ತಳದಿಂದ ರಕ್ತಪರೀಕ್ಷೆಯ ಒಂದು ಹಾಳೆ ಎಳೆದರು. ನಾಲ್ಕು ತಿಂಗಳ ಹಿಂದೆಯೇ ಬಂದದ್ದು. ಮಡಿಕೆಯನ್ನೂ ಯಾರೂ ಬಿಚ್ಚಿರಲಿಲ್ಲ.

"ಮೈಯಲ್ಲಿರೋ ಕೊಬ್ಬು ಸುಮ್ನೆ ಕೂತಿರಲ್ಲ," ಅಂದರು ಅವರು. "ಲೆಪ್ಟಿನ್ ಅಂತ ಒಂದು ಹಾರ್ಮೋನು ಬಿಡ್ತಾ ಇರುತ್ತೆ. ನಿಮ್ಮ ಮಗಳಿಗೆ ಅದು ತುಂಬಾ ಜಾಸ್ತಿ ಇದೆ. ಉಸಿರಿನ ಕೊಳವೆ ಮೊದಲೇ ಊದಿಕೊಂಡಿರೋ ಮಕ್ಕಳಿಗೆ ಇದು ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗೆ ಆಗಬಹುದು. ಇದರ ಬಗ್ಗೆ ಎಲ್ಲಾ ಇನ್ನೂ ಗೊತ್ತಾಗಿಲ್ಲ. ಆದ್ರೆ ಇಷ್ಟಂತೂ ಹೇಳ್ತೀನಿ, ಇದು ಮಗುವಿನ ತಪ್ಪಲ್ಲ. ತೂಕ ನಿಧಾನಕ್ಕೆ ಇಳಿಸೋಣ, ಅಲ್ಲೀವರೆಗೆ ಉಬ್ಬಸಕ್ಕೆ ಸರಿಯಾಗಿ ಔಷಧಿ ಕೊಡಬೇಕು. ಒಂದು ಹೊತ್ತು ಊಟ ಬಿಡಿಸಿದ್ರೆ ಮಾರನೇ ದಿನ ಇಳಿಯೋ ಅಂಥದ್ದಲ್ಲ ಇದು."

ಅವನ ಸಿಟ್ಟು ನೆತ್ತಿಗೇರಿತು. ಹಾಗಾದರೆ ಈ ನಾಲ್ಕು ತಿಂಗಳು? ಆ ಮಹಾನುಭಾವನಿಗೆ ಒಂದು ಹಾಳೆ ಬಿಚ್ಚಲು ಕೈ ನೋಯುತ್ತಿತ್ತೇ? ಮೈದಾನದಲ್ಲಿ ಏದುಸಿರು ಬಿಡುವವಳನ್ನು ಸೋಮಾರಿ ಎಂದು ಇನ್ನೆರಡು ಸುತ್ತು ಓಡಿಸುವ ಮೇಷ್ಟರಿಗೆ, ಡ್ರಮ್ಮು ಡ್ರಮ್ಮು ಎಂದು ಕರೆಯುವ ಸೋದರಮಾವನಿಗೆ ಯಾರು ಹೇಳಬೇಕು? ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟ. ಡಾಕ್ಟರು ತಡೆಯಲಿಲ್ಲ. ಅವನು ದಣಿದ ಮೇಲೆ ಉಸಿರಿನ ಪುಸ್ತಕ ಕೇಳಿದರು.

ಅದನ್ನು ಹೆಮ್ಮೆಯಿಂದಲೇ ಮೇಜಿನ ಮೇಲಿಟ್ಟ. ಡಾಕ್ಟರು ಪುಟ ತಿರುವಿ, ಮಗಳ ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ಆಲಿಸಿ, ಮತ್ತೆ ಪುಟ ನೋಡಿದರು. ಎದೆಯಲ್ಲಿ ಸಿಳ್ಳೆ ಹೊಡೆಯುತ್ತಿದೆ, ಅಂಕಿ ಮಾತ್ರ ಇಷ್ಟು ಚೆನ್ನಾಗಿದೆ, ಹೇಗೆ ಎಂದು ಕೇಳಿದರು.

ಅವನು ಬಗ್ಗಿ ನೋಡಿದ. ಇನ್ನೂರ ಎಂಬತ್ತು, ಇನ್ನೂರ ಎಂಬತ್ತು, ಇನ್ನೂರ ಎಂಬತ್ತು. ಎರಡು ತಿಂಗಳು ಅದೇ ಅಂಕಿ. ಬೆಳಿಗ್ಗೆ ಆರಕ್ಕೇ ಕೆಲಸಕ್ಕೆ ಓಡುವವನು, ವಾರಕ್ಕೊಮ್ಮೆ ಮೇಲೆ ಮೇಲೆ ಕಣ್ಣಾಡಿಸಿ ಭೇಷ್ ಅಂದಿದ್ದ. ಒಂದೇ ಲಾರಿ ಎರಡು ದಿನ ಒಂದೇ ತೂಕ ತೋರಿಸಿದರೂ ಮೋಸವಿದೆಯೇ ಎಂದು ಚಕ್ರದ ಕೆಳಗೆಲ್ಲ ಹುಡುಕುವ ಅವನಿಗೆ ತನ್ನ ಮನೆಯಲ್ಲಿ ಇದು ಕಾಣಿಸಿರಲಿಲ್ಲ.

"ಯಾಕಮ್ಮ ಹೀಗೆ ಬರೆದೆ?" ಎಂದು ಅವನು ಮಗಳನ್ನು ಕೇಳಿದ.

ಹುಡುಗಿ ಫ್ರಾಕಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಕಮ್ಮಿ ಬರೆದ್ರೆ ರಾತ್ರಿ..." ಎಂದವಳು ಡಾಕ್ಟರ ಕಡೆ ನೋಡಿ ಅಲ್ಲಿಗೇ ನಿಲ್ಲಿಸಿದಳು. ಅಪ್ಪನ ಮಾನ ಉಳಿಸಲು ನಿಲ್ಲಿಸಿದಳೆಂದು ಅವನಿಗೆ ತಿಳಿಯಿತು.

ಡಾಕ್ಟರು ಮೇಜಿನ ಮೇಲಿದ್ದ ಊದುವ ಕೊಳವೆಯನ್ನು ಅವಳ ಕೈಗೆ ಕೊಟ್ಟು, ಯಾರೂ ಬೈಯುವುದಿಲ್ಲ, ಇರುವಷ್ಟೇ ಊದು ಪುಟ್ಟಿ ಅಂದರು. ಅವಳು ಕಣ್ಣು ಮುಚ್ಚಿ, ಮುಖ ಕೆಂಪಗಾಗುವಂತೆ ಊದಿದಳು. ಸೂಚಿ ನೂರ ಅರವತ್ತಕ್ಕೆ ನಿಂತಿತು.

ಅಂಕಿಯನ್ನು ನೋಡಿ ಅವಳು ಅಪ್ಪನ ಕಡೆ ತಿರುಗಿದಳು.

"ನಂಗೆ ಇವತ್ತು ಹಸಿವೇ ಇಲ್ಲಪ್ಪ," ಅಂದಳು.